ಆರನೇ ಪುಟ, ಕೆಳಗೆ

ಇಪ್ಪತ್ತಾರು ವರ್ಷ, ಗುರುವಾರ ಗುರುವಾರ
ಆರನೇ ಪುಟದ ಕೆಳಗೆ, ಶ್ರದ್ಧಾಂಜಲಿ ಜಾಹೀರಾತಿನ ಪಕ್ಕ
ನಾನಿದ್ದೆ: ಮುನ್ನೂರು ಪದ, ಒಂದು ಕೋಷ್ಟಕ,
ಅಂಚೆಚೀಟಿಯಷ್ಟು ಫೋಟೊ. ಅದರಲ್ಲಿ ಕೂದಲು ಇನ್ನೂ ಕಪ್ಪು.

ಫೋರ್ಟಿನ ಗಲ್ಲಿಯಲ್ಲಿ ಮೂರನೇ ಮಹಡಿಗೆ
ಮರದ ಮೆಟ್ಟಿಲು ಹತ್ತಿ ಬರುತ್ತಿದ್ದವು ಪತ್ರ.
ಭಿವಂಡಿಯ ಮಗ್ಗದಿಂದ ಎಣ್ಣೆ ಕಲೆಯ ಇನ್‌ಲ್ಯಾಂಡು,
ಉಲ್ಲಾಸನಗರದ ಕ್ಷೌರದಂಗಡಿಯಿಂದ ಹಳೆ ಕ್ಯಾಲೆಂಡರಿನ ಬೆನ್ನು,
ಆಮೇಲಾಮೇಲೆ ಮೊಬೈಲಿಗೆ ನಡುರಾತ್ರಿಯ ಪಿಸುದನಿ,
ಹಿಂದೆ ಫ್ಯಾನಿನ ಕಿರುಗುಟ್ಟು, ಮಲಗಿದವರ ಕೆಮ್ಮು.

ಪ್ರಶ್ನೆ ಮಾತ್ರ ಒಂದೇ, ಅಂಗಿ ಬದಲಿಸಿ ಬರುತ್ತಿತ್ತು:
ಮಗಳಿಗೆ ನರ್ಸಿಂಗ್ ಸಿಕ್ಕಿದೆ ಮೇಡಂ, ಪಿಎಫ್ ಮುರಿಯಲೇ?
ತಾಳಿಗೆ ಗ್ರಾಮಿಗೆಷ್ಟು ಕೊಡುತ್ತಾರೆ, ಮಣಿ ಬಿಟ್ಟು ತೂಗುತ್ತಾರಾ?
ಜಾಮೀನು ಹಾಕು ಅಂದರೆ ಭಾವ ಊರಿಗೆ ಹೋಗಿಬಿಟ್ಟ,
ಇನ್ನೊಬ್ಬ ಭಾವ ಇಲ್ಲ.

ಬರೆದೆ. ಬಡ್ಡಿ ನಿದ್ದೆ ಮಾಡುವುದಿಲ್ಲ ಎಂದು ಬರೆದೆ.
ಓದು ಮುಗಿಯುವತನಕ ಕಂತಿಲ್ಲ ಎಂದು ಮ್ಯಾನೇಜರು ನಕ್ಕರೆ
ಆ ನಗುವಿಗೂ ಬಡ್ಡಿ ಇದೆ, ಕೇಳಿಕೊಳ್ಳಿ ಎಂದು ಬರೆದೆ.
ಕಾಲೇಜಿನ ಕಟ್ಟಡ ನೋಡಬೇಡಿ, ಹೋದ ವರ್ಷ ಹೊರಬಿದ್ದ
ಹುಡುಗರು ಎಲ್ಲಿದ್ದಾರೆ ಕೇಳಿ. ಭಿಶಿಯನ್ನು
ಮೊದಲ ತಿಂಗಳೇ ಕೂಗಿ ಎತ್ತಬೇಡಿ. ಇದನ್ನಂತೂ
ವರ್ಷಕ್ಕೆರಡು ಸಲ, ದಪ್ಪಕ್ಷರದಲ್ಲಿ.

ಉಲ್ಲಾಸನಗರದ ಮಲ್ಲಣ್ಣ ಹಡಪದ ಮಾತು ಕೇಳಿದ.
ಪುಣೆಯ ಆ ಕಾಲೇಜಿಗೆ ನಾಲ್ಕು ಲಕ್ಷ ಕಟ್ಟಲಿಲ್ಲ.
ಮರುವರ್ಷ ಅದಕ್ಕೆ ಬೀಗ ಬಿತ್ತು; ಉಪಕಾರವಾಯಿತು ಎಂದು ಒಂದು ಕಾರ್ಡು.
ಹುಡುಗ ಈಗ ಏನು ಮಾಡುತ್ತಾನೆ ಎಂದು ಕೇಳಿ ಬರೆದೆ.
ಉತ್ತರ ಬರಲಿಲ್ಲ.
ಪತ್ರಿಕೆಯಲ್ಲಿ ಅಚ್ಚಾದದ್ದು ಕಾರ್ಡು ಮಾತ್ರ.

ಇನ್ನು ಅವ್ವನ ವಿಷಯ. ಇದನ್ನು ಅಚ್ಚಿಗೆ ಕೊಟ್ಟಿಲ್ಲ.
ತೊಂಬತ್ತೈದರ ಮೇ ಕೊನೆ, ಘಾಟ್ಕೋಪರಿನ ಚಾಳು.
ಇಂಡಿ ಕಡೆಯ ಅವ್ವ ಡಜನ್ ಅಂಗಿಗೆ ಮೂರು ರೂಪಾಯಿಯಂತೆ
ಗುಂಡಿ ಹಚ್ಚುತ್ತಿದ್ದಳು.
ಇಪ್ಪತ್ತು ಹೆಂಗಸರ ಭಿಶಿ, ತಿಂಗಳಿಗೆ ಐನೂರು,
ಭಾನುವಾರ ಕಮಲ್ ಮಾವಶಿಯ ಖೋಲಿಯಲ್ಲಿ ಸವಾಲು.
ಹತ್ತು ಸಾವಿರದ ಗಂಟಿಗೆ ಅವ್ವ ಮೊದಲ ಬಾಯಿಗೇ
ಮೂರು ಸಾವಿರ ಬಿಟ್ಟಳು.
ಖೋಲಿ ಸುಮ್ಮನಾಯಿತು. ಎದುರು ಕೂಗಲು
ಯಾರಿಗೂ ಬಾಯಿ ಬರಲಿಲ್ಲ.
ಏಳು ಸಾವಿರ ಸೆರಗಿನ ಗಂಟಿನಲ್ಲಿ. ಮರುದಿನ
ಚರ್ಚ್‌ಗೇಟಿನ ಕಾಲೇಜಿನ ಕಿಂಡಿ, ಗುಲಾಬಿ ರಸೀದಿ,
ನನ್ನ ಪತ್ರಿಕೋದ್ಯಮ.

ವಿದ್ಯೆ ಕೈಗೆ ಹತ್ತಿದ ಮೇಲೆ ಮೊದಲು ತೆಗೆದದ್ದು ಅವಳದೇ ಲೆಕ್ಕ:
ಹಂಚಿ ಬಂದ ಲಾಭ ಕಳೆದೂ, ತಿಂಗಳಿಗೆ ನೂರಕ್ಕೆ ಎರಡರ ಮೇಲೆ.
ಬ್ಯಾಂಕು ಇದಕ್ಕಿಂತ ಅಗ್ಗಕ್ಕೆ ಕೊಡುತ್ತಿತ್ತಲ್ಲವ್ವಾ ಅಂದೆ.
ಸೂಜಿಗೆ ದಾರ ಏರಿಸುತ್ತ, ಒಂದು ಕಣ್ಣು ಮುಚ್ಚಿ ಅಂದಳು:
‘ಕೊಡ್ತಿತ್ತು. ಯಾರ ಮನೀ ಕಾಗದ ಇಟ್ಟು ತರ್ಲಿ?
ಜೂನ್ ತಿಂಗಳಾ ನಮ್ಮ ಸಲುವಾಗಿ ನಿಂತು ಕಾಯ್ತದೇನ?’
ಹಲ್ಲಿನಿಂದ ದಾರ ಕಡಿದಳು.

ಕೋಷ್ಟಕದಲ್ಲಿ ಅದು ಯಾವ ಮನೆಗೆ ಬರುತ್ತದೆ, ಇನ್ನೂ ತಿಳಿದಿಲ್ಲ.
ಕೂಗಬೇಡಿ ಎಂದು ಬರೆದಾಗಲೆಲ್ಲ ಆ ಖೋಲಿಯ ಮೌನ
ಪ್ರೂಫಿನ ಅಂಚಿನಲ್ಲಿ ಕೂತಿರುತ್ತಿತ್ತು.
ತಿದ್ದದೆ ಕಳಿಸಿದೆ. ಬರೆದದ್ದು ತಪ್ಪೇನಲ್ಲ.

ಈ ಗುರುವಾರ ಕೊನೆಯದು. ನೆನಪುಗಳನ್ನು ಬರೆಯಿರಿ ಎಂದರು ಸಂಪಾದಕರು.
ಮೇಜಿನ ಮೇಲೊಂದು ಪತ್ರವಿತ್ತು,
ವಸಯಿಯಿಂದ ಸಾವಂತ್ರಿ ಕಮತಗಿ, ಇಸ್ತ್ರಿ ಅಂಗಡಿ:
ಮಗನಿಗೆ ಡಿಪ್ಲೊಮಾ, ಕಟ್ಟಲು ಇನ್ನು ಒಂಬತ್ತು ದಿನ,
ಭಿಶಿಯ ಮೊದಲ ಸವಾಲು ಈ ಭಾನುವಾರ.

ಬಡ್ಡಿ ಎಷ್ಟು ಬೀಳುತ್ತದೆ, ಪೈಸೆತನಕ ಬರೆದೆ.
ಅಗ್ಗದ ಸಾಲ ಎಲ್ಲಿದೆ, ಯಾವ ಯಾವ ಕಾಗದ ಬೇಕು,
ಕೈಗೆ ಬರಲು ಎಷ್ಟು ದಿನ, ಬರೆದೆ. ಇಪ್ಪತ್ತೊಂದು.
ಕೂಗಬೇಡಿ ಎಂಬ ಸಾಲಿಗೆ ಜಾಗ ಉಳಿಯಲಿಲ್ಲ ಎಂದು
ಪುಟ ಕಟ್ಟುವ ಹುಡುಗನಿಗೆ ಹೇಳಿದೆ.
ಅವನು ಅಳೆದು ನೋಡಿ, ಇದೆಯಲ್ಲ ಮೇಡಂ, ಎರಡು ಸಾಲಿದೆ ಅಂದ.
ಇರಲಿ, ಖಾಲಿ ಬಿಡು ಅಂದೆ.